ಕತ್ರಿಗುಪ್ಪೆಯ ದಾರಿಗಳು: ಬದುವಿನಿಂದ ಗೋಡೆಗೆ

ಹಳ್ಳಿಯೊಂದು ನಗರದಲ್ಲಿ ಲೀನವಾಗುವ ಬಗೆಯನ್ನು ಜನಸಂಖ್ಯೆಯಿಂದಲೋ ಭೂಮಿಯ ಬೆಲೆಯಿಂದಲೋ ಅಳೆಯುವುದು ರೂಢಿ. ಒಂದು ದಾರಿ ಇನ್ನೊಂದನ್ನು ಕೂಡುತ್ತದೆಯೇ ಇಲ್ಲವೇ ಎಂಬುದೂ ಅಷ್ಟೇ ಮುಖ್ಯವಾದ ಅಳತೆ. ಬೆಂಗಳೂರು ದಕ್ಷಿಣದ ಕತ್ರಿಗುಪ್ಪೆ ಇದಕ್ಕೆ ತಕ್ಕ ನಿದರ್ಶನ.

‘ಗುಪ್ಪೆ’ ಎಂದರೆ ರಾಶಿ. ಹಳೆಯ ಊರಿನ ಭಾಗದಲ್ಲಿ ಮನೆಗಳು ಇಂದಿಗೂ ಒತ್ತೊತ್ತಾಗಿವೆ, ಓಣಿಗಳು ಸೊಟ್ಟಗಿವೆ. ಆದರೆ ಸೊಟ್ಟ ಓಣಿಗಳೆಲ್ಲ ಕೊನೆ ಮುಚ್ಚಿದ ಓಣಿಗಳಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ಕೇರಿಯ ದಾರಿ ಕೆರೆಗೋ ಹೊಲಕ್ಕೋ ಗ್ರಾಮದೇವತೆಯ ಗುಡಿಗೋ ಹೋಗಿ ಮುಟ್ಟುತ್ತಿತ್ತು. ತಂಬಿಟ್ಟಿನ ಆರತಿ ಹೊತ್ತ ಹೆಂಗಸರು ನಡೆದ ಜಾಡೇ ಊರಿನ ನಕ್ಷೆಯಾಗಿತ್ತು. ದಾರಿಗಳು ಕೂಡಿದ್ದರೂ ಎಲ್ಲ ಜಾತಿಯವರೂ ಎಲ್ಲ ಕೇರಿಗಳಲ್ಲಿ ನಡೆಯುವಂತಿರಲಿಲ್ಲವೆಂಬುದನ್ನು ಹಳೆಯದನ್ನು ಹೊಗಳುವ ನಾವು ಮರೆಯಬಾರದು.

ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ (1945), ಅದರ ಸ್ಥಾನದಲ್ಲಿ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (1976) ರೂಪಿಸಿದ ಜಯನಗರ, ಬನಶಂಕರಿಗಳಲ್ಲಿ ‘ಮೇನ್’ ಮತ್ತು ‘ಕ್ರಾಸ್’ಗಳು ಹೆಣಿಗೆಯಂತೆ ಹಾದುಹೋಗುತ್ತವೆ. ಒಂದು ಬೀದಿ ಕಟ್ಟಿದರೆ ಇನ್ನೊಂದು ಇರುತ್ತದೆ.

ಕತ್ರಿಗುಪ್ಪೆ, ಇಟ್ಟಮಡು, ಚಿಕ್ಕಲಸಂದ್ರಗಳ ಸುತ್ತ ಹೊಲಗಳಲ್ಲಿ ಎದ್ದ ಕಂದಾಯ ಬಡಾವಣೆಗಳ ಕಥೆ ಬೇರೆ. ಇಲ್ಲಿ ನಕ್ಷೆಯ ಘಟಕ ಊರಲ್ಲ, ಸರ್ವೆ ನಂಬರು. ಒಬ್ಬ ಹಿಡುವಳಿದಾರ ತನ್ನ ಹೊಲವನ್ನು ನಿವೇಶನಗಳಾಗಿ ಸೀಳಿ ನಡುವೆ ಒಂದು ದಾರಿ ಬಿಡುತ್ತಾನೆ. ಅದು ಪಕ್ಕದ ಹೊಲದ ಬದುವಿಗೆ ನಿಲ್ಲುತ್ತದೆ. ಕೆಲವು ವರ್ಷಗಳ ಅನಂತರ ನೆರೆಯವನೂ ಮಾರುತ್ತಾನೆ. ಆ ದಾರಿಯನ್ನು ಮುಂದುವರಿಸಿದರೆ ಅವನಿಗೆ ಒಂದು ನಿವೇಶನ ನಷ್ಟ. ಆದ್ದರಿಂದ ಬೇರೆ ದಿಕ್ಕಿಗೆ ಬೇರೆ ದಾರಿ. ಹೊಲದ ಬದು ಎಲ್ಲೆಯೂ ಹೌದು, ಕಾಲುದಾರಿಯೂ ಹೌದು. ಎರಡು ಹೊಲಗಳನ್ನು ಬೇರ್ಪಡಿಸುತ್ತಲೇ ಜನರನ್ನು ದಾಟಿಸುತ್ತಿತ್ತು. ಅದರ ಜಾಗದಲ್ಲೆದ್ದ ಕಾಂಪೌಂಡು ಎಲ್ಲೆಯಷ್ಟೇ. ಗೋಡೆಯಾಚೆಯ ಮನೆಯ ಒಗ್ಗರಣೆಯ ಸದ್ದು ಕೇಳುತ್ತದೆ, ಅಲ್ಲಿಗೆ ಹೋಗಲು ಮಾತ್ರ ಮುಖ್ಯರಸ್ತೆಗೆ ಬಂದು ಬಳಸಬೇಕು.

1996ರಿಂದ 2002ರ ನಡುವೆ ಹಂತಹಂತವಾಗಿ ತೆರೆದ ಹೊರವರ್ತುಲ ರಸ್ತೆ ಕತ್ರಿಗುಪ್ಪೆಗೆ ದೂರದ ಬಡಾವಣೆಗಳನ್ನು ಹತ್ತಿರ ತಂದಿತು, ಎದುರು ಬದಿಯನ್ನು ದೂರ ಮಾಡಿತು.

ಬ್ಯಾರಿಂಗ್‌ಟನ್-ಲೀ ಮತ್ತು ಮಿಲ್ಲರ್ಡ್-ಬಾಲ್ ಎಂಬ ವಿದ್ವಾಂಸರು 2015ರಲ್ಲಿ ಅಮೆರಿಕದ ಬೀದಿಗಳನ್ನು ಕುರಿತು, 2020ರಲ್ಲಿ ಜಗತ್ತಿನ ನಗರಗಳನ್ನು ಕುರಿತು ಪ್ರಕಟಿಸಿದ ಅಧ್ಯಯನಗಳು ಇದೇ ಪ್ರಶ್ನೆಯನ್ನು ಎತ್ತುತ್ತವೆ. ಅಮೆರಿಕದಲ್ಲಿ ಹೊಸ ಬೀದಿಗಳು ಪರಸ್ಪರ ಕೂಡದಿರುವ ಪ್ರವೃತ್ತಿ 1990ರ ದಶಕದ ನಡುವೆ ತುತ್ತತುದಿ ಮುಟ್ಟಿ ಇಳಿಯತೊಡಗಿತು. ಮನೆಯನ್ನು ಕೆಡವಿ ಕಟ್ಟಬಹುದು. ಬೀದಿಯ ಗೆರೆ ಒಮ್ಮೆ ಬಿದ್ದರೆ ತಲೆಮಾರುಗಳವರೆಗೆ ನಿಲ್ಲುತ್ತದೆಂಬ ಅವರ ಮಾತು ನಮಗೂ ಸಲ್ಲುತ್ತದೆ.

ಕಂದಾಯದ ಗ್ರಾಮನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕಿಗೆರೆಗಳಲ್ಲಿ ಗುರುತಿಸುವ ಪದ್ಧತಿಯಿದೆ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವ ಮೇಜಿನ ಮೇಲೆ ಆ ಹಳೆಯ ನಕ್ಷೆಯನ್ನೂ ಬಿಚ್ಚಿಡಬೇಕು.