ಲಾಗ್‌ಔಟ್ ಆದ್ಮೇಲೂ ಓಡ್ತಾ ಇರೋದು ಯಾರು?

ಲಾಗ್‌ಔಟ್ ಒತ್ತಿದ್ರೆ ಎಲ್ಲಾ ಬಂದ್ ಆಯ್ತು ಅಂತ ತಾನೇ ನಾವು ಅಂದ್ಕೊಳ್ಳೋದು? ಲಿನಕ್ಸ್‌ನಲ್ಲಿ ಬಹಳ ಕಾಲ ಹಾಗಿರಲಿಲ್ಲ. ನೀವು ಎದ್ದು ಹೋದ ಮೇಲೂ ನಿಮ್ಮ ಹೆಸರಲ್ಲಿ ಒಂದೆರಡು ಪ್ರೋಗ್ರಾಂ ಓಡ್ತಾ, ಮೆಮೊರಿ ತಿಂತಾ ಇರ್ತಿದ್ವು. ಸ್ವಂತ ಲ್ಯಾಪ್‌ಟಾಪ್ ಆದ್ರೆ ಪರವಾಗಿಲ್ಲ. ಒಂದೇ ಮೆಷಿನ್‌ಗೆ ದಿನಕ್ಕೆ ಹತ್ತು ಜನ ಲಾಗಿನ್ ಆಗೋ ಕಾಲೇಜ್ ಲ್ಯಾಬ್‌ನಲ್ಲಿ ಅದೇ ತಲೆನೋವು.

ಹಳೇ ಪದ್ಧತಿ ಹೀಗಿತ್ತು. ಟರ್ಮಿನಲ್ ಮುಚ್ಚಿದಾಗ ಪ್ರೋಗ್ರಾಂಗಳಿಗೆ ‘ಸಿಗ್‌ಹಪ್’ ಅನ್ನೋ ಸಿಗ್ನಲ್ ಹೋಗುತ್ತೆ. ಹಪ್ ಅಂದ್ರೆ ಹ್ಯಾಂಗ್ ಅಪ್, ಫೋನ್ ಲೈನಲ್ಲಿ ಕಂಪ್ಯೂಟರ್‌ಗೆ ಸೇರ್ಕೊಳ್ತಿದ್ದ ಕಾಲದ ಹೆಸರು. ಆದ್ರೆ ಅದನ್ನ ಕೇಳಿಯೂ ಕೇಳದ ಹಾಗೆ ಇರೋಕೆ ಪ್ರೋಗ್ರಾಂಗೆ ಅವಕಾಶ ಇದೆ. ‘ನೋಹಪ್’ ಕಮಾಂಡ್ ಇರೋದೇ ಅದಕ್ಕೆ.

ಇಂದು ಹೆಚ್ಚಿನ ಲಿನಕ್ಸ್‌ಗಳನ್ನ ನಡೆಸೋ ಸಿಸ್ಟಮ್‌ಡಿ ಬೇರೆ ದಾರಿ ಹಿಡೀತು. ಪ್ರತಿ ಲಾಗಿನ್‌ಗೂ ಒಂದು ಕಂಟ್ರೋಲ್ ಗ್ರೂಪ್. ಅದರೊಳಗೆ ಹುಟ್ಟಿದ ಪ್ರೋಗ್ರಾಂ, ಅದು ಹುಟ್ಟಿಸಿದ್ದು, ಎಲ್ಲ ಅದೇ ಗುಂಪಿನ ಲೆಕ್ಕಕ್ಕೆ. ಹಾಗಾಗಿ ಲಾಗ್‌ಔಟ್ ಆದಾಗ ಇಡೀ ಗುಂಪನ್ನೇ ಗುಡಿಸಿ ಹಾಕಬಹುದು. ‘ಕಿಲ್‌ಯೂಸರ್‌ಪ್ರೊಸೆಸಸ್’ ಅನ್ನೋ ಈ ಸೆಟ್ಟಿಂಗ್ ಮೊದಲೇ ಇತ್ತು, ಆದ್ರೆ ಆಫ್ ಆಗಿತ್ತು. 2016ರ ಮೇ ತಿಂಗಳಲ್ಲಿ ಬಂದ 230ನೇ ಆವೃತ್ತಿಯಲ್ಲಿ ಅದನ್ನ ತಾನಾಗೇ ಆನ್ ಇರೋ ಹಾಗೆ ಮಾಡಿದ್ರು.

ಗಲಾಟೆ ಶುರುವಾಗಿದ್ದು ಅಲ್ಲೇ. ಸರ್ವರ್‌ನಲ್ಲಿ ‘ಸ್ಕ್ರೀನ್’ ಅಥವಾ ‘ಟಿಮಕ್ಸ್’ ಒಳಗೆ ದೊಡ್ಡ ಕೆಲಸ ಹಚ್ಚಿ, ಲಾಗ್‌ಔಟ್ ಆಗಿ, ಬೆಳಿಗ್ಗೆ ಬಂದು ನೋಡೋದು ಎಷ್ಟೋ ಜನರ ಅಭ್ಯಾಸ. ಮರೆತು ಉಳಿದ ಕಸ ಯಾವುದು, ಬೇಕಂತಲೇ ಬಿಟ್ಟುಹೋದ ಕೆಲಸ ಯಾವುದು ಅಂತ ಸಿಸ್ಟಮ್‌ಗೆ ಗೊತ್ತಾಗಲ್ಲ. ಎರಡೂ ಒಟ್ಟಿಗೇ ಹೋಗ್ತವೆ. ಡೆಬಿಯನ್‌ನವರು ತಮ್ಮಲ್ಲಿ ಅದನ್ನ ಮತ್ತೆ ಆಫ್ ಮಾಡ್ಕೊಂಡ್ರು. ನನ್ನ ಕೇಳಿದ್ರೆ ಗುಡಿಸೋ ಐಡಿಯಾ ಸರಿ, ಆದ್ರೆ ಹತ್ತಾರು ವರ್ಷದ ರೂಢಿಯನ್ನ ಒಂದು ಅಪ್‌ಡೇಟ್‌ನಲ್ಲಿ ತಿರುಗಿಸಿದ್ದು ಅತಿಯಾಯ್ತು.

ಉಳೀಬೇಕಾದ್ದನ್ನ ಉಳಿಸೋಕೆ ದಾರಿ ಇದೆ. ‘ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್’ ಕೊಟ್ರೆ ನೀವು ಹೋದ್ಮೇಲೂ ನಿಮ್ಮ ಹೆಸರಿನ ಸರ್ವಿಸ್‌ಗಳು ನಡೀಬಹುದು. ಇಷ್ಟೇ ಸಾಲದು. ಟಿಮಕ್ಸ್‌ನ ‘ಸಿಸ್ಟಮ್‌ಡಿ-ರನ್’ ಮೂಲಕ, ‘ಯೂಸರ್’ ಮತ್ತು ‘ಸ್ಕೋಪ್’ ಆಯ್ಕೆ ಹಾಕಿ ಶುರು ಮಾಡ್ಬೇಕು. ಆಗ ಅದು ಲಾಗಿನ್ ಗುಂಪಿನಿಂದ ಹೊರಗಿರುತ್ತೆ.

ನಿಮ್ಮ ಮೆಷಿನ್‌ನಲ್ಲಿ ಯಾವುದಿದೆ ಅಂತ ‘ಲಾಗಿನ್‌ಡಿ ಡಾಟ್ ಕಾನ್ಫ್’ ಫೈಲಲ್ಲಿ ನೋಡಿ. ರಾತ್ರಿಯಿಡೀ ಓಡೋ ಕೆಲಸ ಹಚ್ಚೋ ಮುಂಚೆನೇ ನೋಡಿ.