‘ಬರೂದಿಲ್ಲ’ ಅಂದ್ರ ಬರದು ಕೊಡ್ರಿ

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಸುಗ್ಗಿಯ ದಿನಗಳಲ್ಲಿ ಊರಿಗೆ ಊರೇ ಕೆಂಪಾಗುತ್ತದೆ. ಚೀಲ ಹೊತ್ತ ಲಾರಿ, ಹಮಾಲರ ಕೂಗು, ಗಾಳಿಯಲ್ಲಿ ತೇಲುವ ಘಾಟು. ಹೊರಗಿನಿಂದ ಬಂದವರು ಸೀನುತ್ತಾರೆ, ನಮಗೆ ಅದು ರೂಢಿಯಾಗಿದೆ. ನನ್ನ ತಂಗಿಯ ಮಗನಿಗೆ ಮಾತ್ರ ಏಳು ವರ್ಷವಾದರೂ ರೂಢಿಯಾಗಿಲ್ಲ. ಪೇಟೆಯ ತಿರುವು ಬಂದ ಕೂಡಲೇ ಎರಡೂ ಅಂಗೈಯಿಂದ ಕಿವಿ ಒತ್ತಿ ಹಿಡಿದು, ನೆಲಕ್ಕೆ ಕುಳಿತುಬಿಡುತ್ತಾನೆ. ಮತ್ತೆ ಏಳಿಸಲು ಅರ್ಧ ಗಂಟೆ ಬೇಕು.

ತಂಗಿ ಮೆಣಸಿನಕಾಯಿಯ ತುಂಬು ಬಿಡಿಸುವ ಕೆಲಸಕ್ಕೆ ಹೋಗುವವಳು. ಕೆಲಸ ಹೆಚ್ಚು ಸಿಗುವ ದಿನವೇ ಮಗನನ್ನು ಬಿಟ್ಟು ಹೋಗಲಾಗದ ದಿನ. ಕರೆದೊಯ್ದರೆ ಅವನು ತಡೆಯುವುದಿಲ್ಲ, ಬಿಟ್ಟುಹೋದರೆ ಅತ್ತೆಗೆ ತಡೆಯಲಾಗುವುದಿಲ್ಲ. ವಾರಕ್ಕೆ ಎರಡು ದಿನದ ಕೂಲಿ ಹೀಗೆ ಹೋಗುತ್ತದೆ. ನಮ್ಮ ಕಡೆ ಸರ್ಕಾರ ಕೊಡುವ ಅಂಗವಿಕಲರ ಮಾಸಾಶನಕ್ಕೆ ಜನ ‘ಪಗಾರ’ ಅನ್ನುತ್ತಾರೆ. ಆ ಪಗಾರ ಈ ಮನೆಗೆ ದಾನವಲ್ಲ, ತಪ್ಪಿಹೋದ ಕೂಲಿಯ ಒಂದು ಚೂರು.

ಹುಡುಗ ನಾಲ್ಕು ವರ್ಷದವರೆಗೆ ಮಾತಾಡಲಿಲ್ಲ. ಅವನ ಅಜ್ಜಿ, ‘ಅವರಪ್ಪನೂ ತಡಾನ ಮಾತಾಡಿದ್ದು, ಬರ್ತೈತಿ ಬಿಡ್ರಿ’ ಅಂದರು. ಮಾತು ಬಂತು, ಆದರೆ ನಾವು ಕೇಳಿದ ಪ್ರಶ್ನೆಯನ್ನೇ ತಿರುಗಿ ಹೇಳುವ ಮಾತು. ಕೊನೆಗೆ ಶಾಲೆಯ ಅಕ್ಕೋರು ಒತ್ತಾಯ ಮಾಡಿದ್ದಕ್ಕೆ ಧಾರವಾಡಕ್ಕೆ ಕರೆದುಕೊಂಡು ಹೋದೆವು. ತಜ್ಞರು ಆಟಿಸಂ ಎಂದು ಬರೆದುಕೊಟ್ಟರು. ಕನ್ನಡದಲ್ಲಿ ಸ್ವಲೀನತೆ. ಈಗ ಇಂಥ ಮಕ್ಕಳನ್ನೆಲ್ಲ ಸೇರಿಸಿ ನ್ಯೂರೋಡೈವರ್ಜೆಂಟ್ ಎಂಬ ಪದ ಬಳಕೆಗೆ ಬಂದಿದೆ. ಮಿದುಳು ಕೆಟ್ಟಿದೆ ಎಂದು ಅದರ ಅರ್ಥವಲ್ಲ. ನಡೆಯುವ ರೀತಿ ಬೇರೆ ಎಂದಷ್ಟೇ. ಆದರೆ ಆ ಬೇರೆ ರೀತಿಗೆ ಹೊಂದುವ ಮನೆ, ಶಾಲೆ, ಪೇಟೆ ನಮ್ಮಲ್ಲಿಲ್ಲ. ಹಾಗಾಗಿ ಅಂಗವೈಕಲ್ಯ ಪ್ರಮಾಣಪತ್ರ ಬೇಕು.

ಪ್ರಮಾಣಪತ್ರಕ್ಕೆ ಕರೆ ಬಂದ ದಿನ ತಂಗಿ ಮೊದಲ ಬಸ್ಸಿಗೆ ಹೊರಟಳು. ಸಾಲಿನಲ್ಲಿ ನಾಲ್ಕು ತಾಸು. ಹುಡುಗ ಗಲಾಟೆ ಮಾಡಬಾರದು ಎಂದು ಕೈಗೆ ಮೊಬೈಲು ಕೊಟ್ಟಿದ್ದಳು, ಯಾವ ತಾಯಿಯೂ ಕೊಡುತ್ತಿದ್ದಳು. ಒಳಗೆ ವೈದ್ಯರು ಹೆಸರು ಕೇಳಿದರು, ಹೇಳಿದ. ಬಣ್ಣ ಕೇಳಿದರು, ಹೇಳಿದ. ನೂರರವರೆಗೆ ಎಣಿಸಿಯೂ ತೋರಿಸಿದ, ಎಣಿಕೆ ಅವನಿಗೆ ಪ್ರಾಣ. ‘ಹುಡುಗ ಶಾಣ್ಯಾ ಅದಾನಲ್ಲಮ್ಮ, ಕೈಕಾಲು ಸರಿ ಅದಾವ, ಇದು ಬರೂದಿಲ್ಲ’ ಎಂದರು. ಹತ್ತು ನಿಮಿಷದ ಮಾತು. ಕೈಗೆ ಒಂದು ಚೀಟಿಯೂ ಸಿಗಲಿಲ್ಲ. ‘ಬರೂದಿಲ್ಲಂತ ಅಣ್ಣಾ’ ಎಂದು ಅವಳು ನನಗೆ ಫೋನಿನಲ್ಲಿ ಹೇಳಿ, ಕಡತವನ್ನು ಟ್ರಂಕಿನಲ್ಲಿಟ್ಟಳು. ಎಂಟು ತಿಂಗಳು ಅದು ಅಲ್ಲೇ ಇತ್ತು.

ಆ ಎಂಟು ತಿಂಗಳ ಬಗ್ಗೆ ನನಗೆ ಇವತ್ತಿಗೂ ಸಂಕಟವಿದೆ. ಬಾಯಿಮಾತಿನ ‘ಬರೂದಿಲ್ಲ’ ಕಾನೂನಿನ ಕಣ್ಣಿಗೆ ಕಾಣದು, ಅದರ ವಿರುದ್ಧ ಮೇಲ್ಮನವಿ ಹಾಕುವುದು ಕಷ್ಟ. ಬರವಣಿಗೆಯ ನಿರಾಕರಣೆ ಇದ್ದರೆ ಬಾಗಿಲು ತೆರೆದೇ ಇರುತ್ತದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯವಿತ್ತು, ಆಟಿಸಂ ಅದರಲ್ಲಿ ಇರಲಿಲ್ಲ. ಹೊಸದರಲ್ಲಿ 21. ಆಟಿಸಂ ಇದೆ, ಬೌದ್ಧಿಕ ಅಂಗವೈಕಲ್ಯ ಇದೆ, ಓದು-ಬರಹ-ಲೆಕ್ಕದ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಅದೇ ಕಾಯ್ದೆಯ 58ನೇ ಕಲಂ ಪ್ರಮಾಣಪತ್ರ ಕೊಡುವ ಬಗೆಯನ್ನು ಹೇಳಿದರೆ, 59ನೇ ಕಲಂ ಆ ತೀರ್ಮಾನ ಒಪ್ಪಿಗೆಯಾಗದವರಿಗೆ ಮೇಲ್ಮನವಿಯ ಹಕ್ಕು ಕೊಡುತ್ತದೆ. 2017ರ ನಿಯಮಗಳಲ್ಲಿ, ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ತಿಳಿಸಲೆಂದೇ ಒಂದು ನಮೂನೆ ಮಾಡಿಟ್ಟಿದ್ದಾರೆ, 8ನೇ ನಮೂನೆ. ಅಂದರೆ ಕಾರಣ ಕೇಳುವುದು ಉದ್ಧಟತನವಲ್ಲ, ಕಾರಣ ಕೊಡುವುದು ಅವರ ಕೆಲಸ. ನಮ್ಮ ಕಚೇರಿಗಳಲ್ಲಿ ಇಂಥ ಕಾಗದಕ್ಕೆ ‘ಹಿಂಬರಹ’ ಎಂಬ ಹೆಸರಿದೆ. ಆ ಒಂದು ಪದ ಗೊತ್ತಿದ್ದರೆ ಸಾಕಿತ್ತು. ‘ಹಿಂಬರಹ ಕೊಡ್ರಿ’ ಎಂದು ನಿಂತವರನ್ನು ಕಚೇರಿ ಬೇರೆ ರೀತಿ ನೋಡುತ್ತದೆ.

ಪ್ರಮಾಣ ಅಳೆಯುವ ಕ್ರಮ ಏನು ಎಂದು ನಾನು ಓದಲು ಕುಳಿತದ್ದು ಆಮೇಲೆ. ಆಟಿಸಂ ಅಳೆಯಲು ನಮ್ಮ ದೇಶದ್ದೇ ಒಂದು ಮಾಪನವಿದೆ, ಹೆಸರು ಐಸಾ. ಸಿಕಂದರಾಬಾದಿನ ಒಂದು ರಾಷ್ಟ್ರೀಯ ಸಂಸ್ಥೆ ಸಿದ್ಧಪಡಿಸಿದ್ದು. ಪ್ರಮಾಣಪತ್ರಕ್ಕೆ ಅದನ್ನು ಬಳಸಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಅಧಿಸೂಚನೆ ಹೊರಡಿಸಿತು. ಅದರಲ್ಲಿ 40 ಅಂಶಗಳಿವೆ: ಕಣ್ಣಿಗೆ ಕಣ್ಣು ಕೊಡುತ್ತಾನೆಯೇ, ಬೇರೆ ಮಕ್ಕಳ ಜತೆ ಆಡುತ್ತಾನೆಯೇ, ಹೇಳಿದ್ದನ್ನೇ ಹೇಳುತ್ತಾನೆಯೇ, ಸಪ್ಪಳಕ್ಕೆ ಬೆಚ್ಚುತ್ತಾನೆಯೇ, ಇಂಥವು. ಪ್ರತಿಯೊಂದಕ್ಕೂ 1ರಿಂದ 5 ಅಂಕ. ಹೊತ್ತಿನ ಐದನೇ ಒಂದು ಪಾಲಿಗಿಂತ ಕಡಿಮೆ ಕಂಡರೆ 1, ಯಾವಾಗಲೂ ಎನ್ನುವಷ್ಟಿದ್ದರೆ 5. ಒಟ್ಟು 40ರಿಂದ 200. ಮೊತ್ತ 70 ಆದರೆ ಶೇ 40 ಅಂಗವೈಕಲ್ಯ. 71ರಿಂದ 88ಕ್ಕೆ ಶೇ 50, 89ರಿಂದ 105ಕ್ಕೆ ಶೇ 60, ಹೀಗೆ ಏರುತ್ತ 158 ದಾಟಿದರೆ ಶೇ 100.

ಈ ಕೋಷ್ಟಕದಲ್ಲಿ ಎರಡು ಸಂಗತಿ ಅಡಗಿವೆ. ಒಂದು, ಸವಲತ್ತುಗಳಿಗೆ ಬೇಕಾದ ಶೇ 40ರ ಗಡಿ ಕೋಷ್ಟಕದ ಮೊದಲ ಮೆಟ್ಟಿಲಲ್ಲೇ ಇದೆ. ಹಾಗಾಗಿ ಈ ಮಾಪನದಲ್ಲಿ ಆಟಿಸಂ ಇದೆ ಎಂದ ಮೇಲೆ, ಶೇ 25, ಶೇ 30 ಎಂದು ಬರೆದಿದ್ದರೆ ಲೆಕ್ಕ ಎಲ್ಲೋ ತಪ್ಪಿದೆ. ಮೇಲ್ಮನವಿಗೆ ಅದಕ್ಕಿಂತ ಗಟ್ಟಿ ಆಧಾರ ಬೇಡ. ಮಾರ್ಗಸೂಚಿಗಳು 2018ರ ಜನವರಿಯಲ್ಲಿ ಮತ್ತು 2024ರ ಮಾರ್ಚ್‌ನಲ್ಲಿ ಪರಿಷ್ಕರಣೆಯಾಗಿವೆ, ಆದ್ದರಿಂದ ಯಾವ ಮಾರ್ಗಸೂಚಿಯಂತೆ, ಯಾವ ಮಾಪನದಲ್ಲಿ, ಎಷ್ಟು ಅಂಕ ಎಂಬುದನ್ನು ಕೇಳಿ ಬರೆಸಿಕೊಳ್ಳಬೇಕು. ಕೊಡದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡಬೇಕು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಮಗುವಿನ ಅಂಕಪಟ್ಟಿಯ ನಕಲು ಬೇಕು ಎನ್ನಲು ಅಷ್ಟು ಪದ ಧಾರಾಳ.

ಎರಡನೆಯದು ನನಗೆ ಹೊಳೆಯಲು ಹೊತ್ತು ಹಿಡಿಯಿತು. ಆ ಮಾಪನ ಕೇಳುವುದು ‘ಎಷ್ಟು ಹೊತ್ತು, ಎಷ್ಟು ಸಲ’ ಎಂದು. ಕುರ್ಚಿಯ ಮೇಲೆ ಮೊಬೈಲು ಹಿಡಿದು ಕುಳಿತ ಮಗುವನ್ನು ಹತ್ತು ನಿಮಿಷ ನೋಡಿ ಅದಕ್ಕೆ ಉತ್ತರ ಸಿಗುವುದಿಲ್ಲ. ಉತ್ತರ ಇರುವುದು ತಾಯಿಯ ಬಳಿ. ಅದನ್ನು ಅವಳು ಹೇಳಲು ಹೋದರೆ ಸಾಲು ಉದ್ದವಿದೆ, ನಾಲಿಗೆ ತಡವರಿಸುತ್ತದೆ, ‘ಭಾಳ ತ್ರಾಸ ಕೊಡ್ತಾನ್ರೀ’ ಎಂಬಲ್ಲಿಗೆ ಮುಗಿಯುತ್ತದೆ. ಹಾಗಾಗಿ ನಾವು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆವು. ದಿನವೂ ಮಲಗುವ ಮೊದಲು ನಾಲ್ಕು ಸಾಲು. ‘ರಾತ್ರಿ ಎರಡು ಸಲ ಎದ್ದ, ಮೂರೂವರಿಗೆ ಮಲಗಿದ.’ ‘ಅನ್ನ ಬಿಳಿ ಇದ್ರಷ್ಟ ಉಂಡ, ಸಾರು ಮುಟ್ಟಲಿಲ್ಲ.’ ‘ಕುಕ್ಕರ್ ಸೀಟಿಗೆ ಕಿವಿ ಮುಚ್ಚಿಕೊಂಡು ಇಪ್ಪತ್ತು ನಿಮಿಷ ಅತ್ತ.’ ಒಳ್ಳೆಯ ದಿನವನ್ನೂ ಬರೆಯಬೇಕು ಎಂದು ನಾನು ಹಟ ಹಿಡಿದೆ. ಕೆಟ್ಟದ್ದಷ್ಟೇ ಬರೆದ ಪುಸ್ತಕವನ್ನು ಯಾರೂ ನಂಬುವುದಿಲ್ಲ, ಅಷ್ಟೇ ಅಲ್ಲ, ಅದು ಆ ಹುಡುಗನಿಗೆ ಮಾಡುವ ಅನ್ಯಾಯ. ‘ಇವತ್ತು ತಾನ ಬಂದು ನನ್ನ ತೊಡಿ ಮ್ಯಾಲ ಕುಂತ’ ಎಂದು ಒಂದು ಪುಟದಲ್ಲಿದೆ. ಆ ಪುಟವನ್ನು ನಾನು ಬಹಳ ಸಲ ಓದಿದ್ದೇನೆ.

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ದಿನಚರಿ ಹೊಸದಲ್ಲ. ಅಲ್ಲಿ 16 ವರ್ಷದೊಳಗಿನ ಮಗುವಿನ ಅಂಗವೈಕಲ್ಯ ಭತ್ಯೆಯ ಅರ್ಜಿ ಶೇಕಡಾವಾರು ಕೇಳುವುದೇ ಇಲ್ಲ. ಅದೇ ವಯಸ್ಸಿನ ಬೇರೆ ಮಕ್ಕಳಿಗಿಂತ ಹಗಲು-ರಾತ್ರಿ ಎಷ್ಟು ಹೆಚ್ಚು ಆರೈಕೆ ಬೇಕು ಎಂದು ಕೇಳುತ್ತದೆ. ನಿರಾಕರಿಸಿದರೆ ಮೊದಲು ಮರುಪರಿಶೀಲನೆ, ನಂತರ ಇಲಾಖೆಗೆ ಸೇರದ ನ್ಯಾಯಮಂಡಳಿ. ಆ ಪ್ರಶ್ನೆಯೇ ಸರಿಯಾದ ಪ್ರಶ್ನೆ ಎಂದು ನನ್ನ ನಂಬಿಕೆ. ನಮ್ಮಲ್ಲಿ ಮಗುವನ್ನು ತೂಗುತ್ತೇವೆ, ತಾಯಿಯ ರಾತ್ರಿಯನ್ನು ತೂಗುವುದಿಲ್ಲ.

ಪ್ರಮಾಣಪತ್ರ ಸಿಕ್ಕರೂ ಇನ್ನೊಂದು ಬಾಗಿಲಿದೆ, ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಅಂಗವೈಕಲ್ಯ ಎಷ್ಟು ಎಂದು ಹೇಳುವುದು ವೈದ್ಯರ ಕೆಲಸ, ಮಾಸಾಶನ ಮಂಜೂರು ಮಾಡುವುದು ತಹಶೀಲ್ದಾರರ ಕೆಲಸ. ನಾಡಕಚೇರಿಯಲ್ಲಿ ಅರ್ಜಿ ತಿರಸ್ಕಾರವಾಯಿತೆಂದು ಆಸ್ಪತ್ರೆಗೆ ಅಲೆಯುವವರಿದ್ದಾರೆ, ಶೇಕಡಾ ಕಡಿಮೆ ಬಂತೆಂದು ತಹಶೀಲ್ದಾರರ ಮುಂದೆ ಅಳುವವರಿದ್ದಾರೆ. ಆದಾಯ ಪ್ರಮಾಣಪತ್ರ, ಆಧಾರ್‌ನಲ್ಲಿ ಹೆಸರಿನ ಅಕ್ಷರ, ಬ್ಯಾಂಕ್ ಖಾತೆಯ ಜೋಡಣೆ ಇಂಥ ಕಾರಣಕ್ಕೆ ಮಾಸಾಶನ ನಿಂತರೆ ದಾರಿ ‘ಸಕಾಲ’ ಕಾಯ್ದೆ. 2011ರ ಆ ಕಾಯ್ದೆಯಂತೆ ಪ್ರತಿ ಅರ್ಜಿಗೂ ಸ್ವೀಕೃತಿ ಸಂಖ್ಯೆ ಕೊಡಬೇಕು. ತಿರಸ್ಕಾರವಾದರೆ ಅಥವಾ ಗಡುವು ಮೀರಿದರೆ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಬಹುದು. ತಡಮಾಡಿದ್ದಕ್ಕೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ಮೊತ್ತ ಚಿಕ್ಕದು, ಆದರೆ ತಡವಾದದ್ದು ಯಾರ ತಪ್ಪು ಎಂದು ಅದು ದಾಖಲಿಸುತ್ತದೆ.

ವೈದ್ಯಕೀಯ ತೀರ್ಮಾನದ ಮೇಲ್ಮನವಿಗೆ ಪ್ರಾಧಿಕಾರ ಯಾವುದು, ಗಡುವು ಎಷ್ಟು ಎಂಬುದನ್ನು ರಾಜ್ಯ ಸರ್ಕಾರ ಗೊತ್ತುಮಾಡುತ್ತದೆ. ಹಾವೇರಿಯ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಅದನ್ನು ಬರವಣಿಗೆಯಲ್ಲೇ ಕೇಳಿ. ಅದಕ್ಕೂ ಮೊದಲು ಊರಿನಲ್ಲೇ ಒಬ್ಬರಿದ್ದಾರೆ: ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಜನ ಅವರನ್ನು ‘ವಿಆರ್‌ಡಬ್ಲ್ಯೂ’ ಎನ್ನುತ್ತಾರೆ. ತಾಲ್ಲೂಕಿಗೆ ‘ಎಂಆರ್‌ಡಬ್ಲ್ಯೂ’. ತಾವೂ ಅಂಗವಿಕಲರಾಗಿದ್ದು, ಅಲ್ಪ ಗೌರವಧನಕ್ಕೆ ಮನೆಮನೆ ತಿರುಗುವ ಈ ಜನರಷ್ಟು ಈ ದಾರಿ ತಿಳಿದವರು ಬೇರೆ ಯಾರೂ ಇಲ್ಲ. ನಮ್ಮ ಅರ್ಜಿ ತಿದ್ದಿಕೊಟ್ಟವರೂ ಅವರೇ. ಇವೆಲ್ಲ ಸೋತರೆ ಬೆಂಗಳೂರಿನಲ್ಲಿ ಅಂಗವಿಕಲರ ರಾಜ್ಯ ಆಯುಕ್ತರಿದ್ದಾರೆ. ಸಾಕ್ಷಿ ಕರೆಸಲು, ಕಡತ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. 2024ರಲ್ಲಿ ಪದ್ಮಶ್ರೀ ಪಡೆದ ಕೆ.ಎಸ್. ರಾಜಣ್ಣ ಹಿಂದೆ ಕುಳಿತಿದ್ದ ಕುರ್ಚಿ ಅದು.

ಎಲ್ಲ ನಿರಾಕರಣೆಯೂ ಅನ್ಯಾಯವಲ್ಲ ಎಂಬುದನ್ನೂ ಹೇಳಬೇಕು. ಎಡಿಎಚ್‌ಡಿ ಆ 21ರ ಪಟ್ಟಿಯಲ್ಲಿ ಇಲ್ಲ. ಬರೀ ಅದೊಂದೇ ಇರುವ ಮಗುವಿಗೆ ಪ್ರಮಾಣಪತ್ರ ಸಿಗುವುದಿಲ್ಲ. ಇದು ಕಾಯ್ದೆಯ ಕೊರತೆ, ತಿದ್ದಬೇಕಾದದ್ದು. ಆದರೆ ಅಂಥ ಮಗುವಿಗೆ ಜತೆಯಲ್ಲಿ ಆಟಿಸಂ ಅಥವಾ ಕಲಿಕಾ ನ್ಯೂನತೆ ಇರುವುದು ಅಪರೂಪವಲ್ಲ, ಅದನ್ನು ಪರೀಕ್ಷಿಸಿ ಎಂದು ಕೇಳಬಹುದು. ಕಲಿಕಾ ನ್ಯೂನತೆಗೆ ಎಂಟು ವರ್ಷ ತುಂಬುವ ಮೊದಲು ಪ್ರಮಾಣಪತ್ರ ಕೊಡುವುದಿಲ್ಲ, ಆರು ವರ್ಷದ ಮಗುವಿಗೆ ಇಲ್ಲ ಎಂದರೆ ಕಾಯಬೇಕು. ಶೇ 40 ಮುಟ್ಟದವರಿಗೂ ಎಲ್ಲ ಬಾಗಿಲು ಮುಚ್ಚಿಲ್ಲ: 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಆ ಗಡಿ ಮುಟ್ಟದಿದ್ದರೂ ಪರೀಕ್ಷೆ ಬರೆಯಲು ಸಹಾಯಕರನ್ನು ಪಡೆಯುವ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಇಷ್ಟೆಲ್ಲ ಓಡಾಟ ಎಷ್ಟು ಹಣಕ್ಕೆ? ಶೇ 40ರಿಂದ 75ರೊಳಗಿನವರ ಮಾಸಾಶನ 2021ರಲ್ಲಿ 600ರಿಂದ 800 ರೂಪಾಯಿಗೆ ಏರಿತು. ಅದೇ ದಿನದ ಘೋಷಣೆಯಲ್ಲಿ ಹಿರಿಯರ ಸಂಧ್ಯಾ ಸುರಕ್ಷಾ 1,200 ಆಯಿತು. ಹಿರಿಯರಿಗೆ ಸಿಕ್ಕಿದ್ದು ಹೆಚ್ಚಾಯಿತು ಎಂದು ಯಾರೂ ಅನ್ನಬಾರದು. ಆದರೆ ಅದೇ 2016ರ ಕಾಯ್ದೆಯ 24ನೇ ಕಲಂ, ಬೇರೆಯವರಿಗೆ ಇರುವ ಅಂಥದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25ರಷ್ಟು ಹೆಚ್ಚು ಕೊಡಬೇಕು ಎನ್ನುತ್ತದೆ. 1,200ಕ್ಕೆ ಶೇ 25 ಸೇರಿಸಿದರೆ 1,500. 800ಕ್ಕೂ 1,500ಕ್ಕೂ ಇರುವ ಅಂತರವನ್ನು ವಿಧಾನಸೌಧದಲ್ಲಿ ಯಾರಾದರೂ ಎದ್ದು ನಿಂತು ಕೇಳಬೇಕು. ಹಾಗೆಂದು ಪ್ರಮಾಣಪತ್ರದ ಬೆಲೆ 800 ರೂಪಾಯಿಯಷ್ಟೇ ಅಲ್ಲ. ಬಸ್ ಪಾಸು, ರಾಷ್ಟ್ರೀಯ ಟ್ರಸ್ಟ್‌ನ ಲಕ್ಷ ರೂಪಾಯಿವರೆಗಿನ ನಿರಾಮಯ ವಿಮೆ, 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು, ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಎಲ್ಲದರ ಕೀಲಿ ಅದೊಂದೇ ಪ್ರಮಾಣಪತ್ರದಲ್ಲಿದೆ.

ನೋಟ್‌ಬುಕ್ಕಿನ ಅರುವತ್ತು ಪುಟ ತುಂಬಿದ ಮೇಲೆ ನಾವು ಹಾವೇರಿಗೆ ಹೋದೆವು. ಮೇಲ್ಮನವಿ ಒಂದು ಹಾಳೆ, ಧಾರವಾಡದ ವರದಿ, ಅಕ್ಕೋರು ಬರೆದ ಪತ್ರ, ನೋಟ್‌ಬುಕ್ಕಿನ ಜೆರಾಕ್ಸ್, ಎಲ್ಲ ಎರಡೆರಡು ಪ್ರತಿ. ಟಪಾಲು ವಿಭಾಗದಲ್ಲಿ ಗುಮಾಸ್ತರು ಒಂದು ಪ್ರತಿ ತೆಗೆದುಕೊಂಡು, ‘ಆತು, ಹೋಗ್ರಿ’ ಎಂದರು. ನಾನು ಬಾಯಿ ತೆರೆಯುವ ಮೊದಲೇ ತಂಗಿ ಇನ್ನೊಂದು ಪ್ರತಿಯನ್ನು ಮುಂದೆ ಚಾಚಿದಳು. ‘ನನ್ನ ಪ್ರತಿಗೂ ಸೀಲ್ ಹಾಕ್ರಿ ಸರ. ತಾರೀಖು ಕಾಣೂ ಹಂಗ.’

ಅವರು ಹಾಕಿದರು. ಮರಳಿ ಬರುವಾಗ ಮೋಟೆಬೆನ್ನೂರು ಕ್ರಾಸ್‌ನಲ್ಲಿ ಬಸ್ಸಿಗೆ ಕಾಯುತ್ತ ಅವಳು ನೋಟ್‌ಬುಕ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಹುಡುಗ ಹೋಗಿಬರುವ ಲಾರಿಗಳನ್ನು ಎಣಿಸುತ್ತಿದ್ದ. ಅವಳು ಬರೆದದ್ದು ಇಷ್ಟು: ‘ಸೀಲ್ ಹೊಡಿಯೂ ಸಪ್ಪಳಕ್ಕ ಎರಡು ಸಲ ಕಿವಿ ಮುಚ್ಚಿಕೊಂಡ. ಮೂರನೇ ಸಲ ಮುಚ್ಚಿಕೊಳ್ಳಲಿಲ್ಲ.’