ಚಿಕುನ್‌ಗುನ್ಯಾ ಜ್ವರದ ಲಕ್ಷಣಭೇದ

ಚಿಕುನ್‌ಗುನ್ಯಾ ಎಂಬುದು ಪೂರ್ವ ಆಫ್ರಿಕೆಯ ಮಕೊಂಡೆ ನುಡಿಯ ಶಬ್ದವು. ಕೀಲುನೋವಿನಿಂದ ಮೈ ಬಾಗುವುದೆಂದು ಅದರ ತಾತ್ಪರ್ಯ. ಹೆಸರು ಒಂದೇ ಆದರೂ ರೋಗದ ನಡೆ ಒಂದೇ ಅಲ್ಲ. 1963ರಲ್ಲಿ ಕಲಕತ್ತೆಯ ಕೆಲವು ರೋಗಿಗಳಿಗೆ ರಕ್ತಸ್ರಾವವೂ ಆಗಿದ್ದಿತು. ಆಗ ಡೆಂಗೀಜ್ವರವೂ ಜತೆಗೆ ಹಬ್ಬಿದ್ದುದನ್ನು ಮರೆಯಲಾಗದು. 1973ರಲ್ಲಿ ಅದು ಭೀಮೆಯಾಚೆ, ಇಂಡಿಗೆ ನೆರೆಯಾದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿಕೊಂಡಿತು. 2006ರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನೊಳಗೊಂಡ ವಿಜಾಪುರ ಜಿಲ್ಲೆಗೆ ಬಂದುದಾದರೋ ಹಿಂದಿನ ಏಷ್ಯಾ ತಳಿಯ ವಿಷಾಣುವಲ್ಲ, ಆಫ್ರಿಕೆಯ ಬೇರೊಂದು ತಳಿಯದು. ಈ ಸಲ ರಕ್ತಸ್ರಾವ ವಿರಳ. ತಿಂಗಳುಗಟ್ಟಲೆ ಬಿಡದ ಕೀಲುನೋವೇ ಪ್ರಧಾನ. ಆದರೆ ಹಾವಳಿಯ ಉಗ್ರತೆಯನ್ನೆಲ್ಲ ವಿಷಾಣುವಿನ ಮೇಲೆಯೇ ಹೊರಿಸುವುದು ಯುಕ್ತವಲ್ಲ. ನಡುವಣ ಮೂರು ದಶಕಗಳಲ್ಲಿ ಹುಟ್ಟಿದವರ ಮೈಗೆ ಈ ರೋಗದ ಪರಿಚಯವೇ ಇರಲಿಲ್ಲ. ನೀರಿನ ಬರಕ್ಕಂಜಿ ತುಂಬಿಟ್ಟ ಹರವಿಗಳೇ ಈಡಿಸ್ ಸೊಳ್ಳೆಗೆ ತವರಾದುವು.